ಕೈಯಳತೆ

ನರೀನ್ ಪೇಟೆಯ ಚರ್ಮದ ಸಾಲಿನಲ್ಲಿ
ಎಸೆನ್‌ಬಾಯ್ ಮುದುಕ ಕುದುರೆಯ ಬಗ್ಗೆ ಕೇಳಲೇ ಇಲ್ಲ.
"ಕೈ ಚಾಚು" ಅಂದ.
ಮೊಣಕೈಯಿಂದ ಮುಷ್ಟಿಯವರೆಗೆ ದಾರ ಹಿಡಿದ,
ಗಂಟು ಹಾಕಿ ಹಲ್ಲಲ್ಲಿ ಕಚ್ಚಿಕೊಂಡ.

ಬೂರುಲ್ ಅತ್ತೆಯ ಚಾವಟಿ ತಂದಿದ್ದಳು.
ಇದನ್ನೇ ಒಂದು ಗೇಣು ಕತ್ತರಿಸಿಕೊಡಿ, ಸಾಕು;
ಬೀಸಿದಾಗೆಲ್ಲ ತುದಿ ಸುತ್ತಿ ಬಂದು
ಕಂದು ಕುದುರೆಯ ಹೊಟ್ಟೆಗೆ ತಾಗುತ್ತದೆ,
ನಾನಾಡದ ಮಾತನ್ನೂ ಅದಕ್ಕೆ ಆಡಿಬಿಡುತ್ತದೆ.

ಮುದುಕ ಹಿಡಿಯಲ್ಲಿ ಸವೆದ ಗುಳಿ ತೋರಿಸಿದ.
"ಇದು ನಲವತ್ತು ವರ್ಷದ ಹೆಬ್ಬೆರಳು.
ತೊಗಲು ಕತ್ತರಿಸಬಹುದು. ಇದನ್ನೆಲ್ಲಿ ಕತ್ತರಿಸಲಿ?"

ಆಮೇಲೆ ಏಳೆಂಟು ಕೊಟ್ಟ.
ಒಂದು ಭಾರ. ಒಂದಕ್ಕೆ ಬೆಳ್ಳಿಯ ಉಂಗುರ, ಮದುವೆಮನೆಗೆ ಸರಿ.
ಒಂದನ್ನು ತನ್ನ ತೊಡೆಗೇ ಹೊಡೆದು ನೋಡಿ
ಉಸಿರೆಳೆದು ಕೆಳಗಿಟ್ಟಳು.
ಕೊನೆಗೆ ಉಳಿದದ್ದು ಗಿಡ್ಡದು, ಕೆಂಪು ಮರದ ಹಿಡಿ,
ಮಣಿಕಟ್ಟಿಗೆ ಸಿಕ್ಕಿಸಿದರೆ ಮರೆತೇ ಹೋಗುವಂಥದ್ದು.
ಚೌಕಾಸಿ ಮಾಡುವುದನ್ನೂ ಮರೆತಳು.

ಮನೆಯಲ್ಲಿ ಅತ್ತೆ ಎರಡನ್ನೂ ಮೂಸಿದಳು.
"ಹೊಸದಿನ್ನೂ ಹಸಿ. ಕುರಿಕೊಬ್ಬು ಸವರು."
ಹಳೆಯದನ್ನು ಅತ್ತ ಇತ್ತ ತಿರುಗಿಸಿ
ಅಂಗಳಕ್ಕೆ ಒಯ್ದು
ಹರಡಿದ ಉಣ್ಣೆಯ ಮೇಲೆ ಬಾರಿಸತೊಡಗಿದಳು.

ಧೂಳೆದ್ದಿತು. ಕಟ್ಟಿದ ಕುದುರೆ ಕಿವಿ ನಿಮಿರಿಸಿತು,
ತನಗಲ್ಲವೆಂದು ತಿಳಿದು
ಮತ್ತೆ ಹುಲ್ಲಿಗೆ ಬಾಗಿತು.