ಊಟ ಆಯ್ತಾ

ರೂವಿಯ ಗುಡ್ಡಕ್ಕೆ ಬೆನ್ನು ಕೊಟ್ಟು ಕೂತ
ಹಣ ಕಳಿಸುವ ಕಚೇರಿ, ಮೂರನೆಯ ಮಹಡಿ.
ರಾತ್ರಿ ಹನ್ನೊಂದಾದರೂ ಬಂಡೆಗಳಿಂದ
ಹಗಲು ಇನ್ನೂ ಇಳಿದಿರುವುದಿಲ್ಲ.
ನನ್ನ ಕೆಲಸ ಕಿವಿಯದು:
ನನ್ನ ದನಿಯಲ್ಲಿ ಮಷೀನು ಮಾತಾಡಿದ್ದನ್ನು ಕೇಳಿ
ಕರೆದವರಿಗೆ ಗೊತ್ತಾಯಿತು, ಗೊತ್ತಾಗಲಿಲ್ಲ,
ಎರಡರಲ್ಲೊಂದಕ್ಕೆ ಗುರುತು ಹಾಕುವುದು.

ದನಿ ಕೊಟ್ಟದ್ದು ಹೋದ ರಂಜಾನಿಗೆ ಮೊದಲು,
ಸ್ಪಂಜು ಬಡಿದ ಕೋಣೆಯಲ್ಲಿ ನಾಲ್ಕು ದಿನ.
ದಯವಿಟ್ಟು ಕಾಯಿರಿ. ನಿಮ್ಮ ಹಣ ತಲುಪಿದೆ. ಛೆ, ಹೌದಾ?
"ನಡುನಡುವೆ ಉಗುಳು ನುಂಗಿ ಮೇಡಂ,
ಮನುಷ್ಯರ ಹಾಗೆ ಕೇಳಬೇಕು" ಎಂದಿದ್ದ ಹುಡುಗ.
ನುಂಗಿದೆ. ಅದೂ ಸೇರಿ ನೂರಿಪ್ಪತ್ತು ರಿಯಾಲ್.

ಆಳಂದದ ಲಾಡ್ಲೇಸಾಬ, ಬರ್ಕಾದಲ್ಲಿ ಟೈಲ್ಸ್ ಕೂರಿಸುವವನು,
ಮೊದಲು ಕರೆದದ್ದು ಅರವತ್ತು ರಿಯಾಲ್ ಮುಟ್ಟಿಲ್ಲವೆಂದು.
ಮುಟ್ಟಿತು. ಆಮೇಲೂ ಕರೆದ. ಆಮೇಲೂ.
ರೇಟು ಕೇಳುವುದು ನೆಪ, ಕೊನೆಗೆ ಒಂದೇ ಮಾತು:
"ಊಟ ಆಯ್ತೇನ್ ಯವ್ವಾ?"
"ಆಯ್ತು, ನಿಮ್ಮದು?" ಒಂದು ಗುಟುಕು ನುಂಗಿ, ಸಹನಾ.
(ಅದರ ಹೆಸರು ಸಹನಾ. ನನ್ನದು ವಿನ್ನಿಫ್ರೆಡ್.)
ಗೊತ್ತಾಗಲಿಲ್ಲ, ಎಂದು ಗುರುತು ಹಾಕಿದೆ.
ಇಷ್ಟು ಚಂದ ಸುಳ್ಳು ಹೇಳುವುದು ಮನುಷ್ಯರೇ ತಾನೆ?
ಶಿರ್ವದಿಂದ ಅಕ್ಕ "ಜೆವಣ್ ಜಾಲೆಂಗೀ" ಎಂದರೆ
ನಾನೂ ಖಾಲಿ ಹೊಟ್ಟೆಯಲ್ಲಿ ಇದೇ ದನಿಯಲ್ಲಿ
ಜಾಲೆಂ, ಎನ್ನುವವಳು.

ಕಳೆದ ಗುರುವಾರ ಸಹನಾ ಕೈಕೊಟ್ಟಳು.
ಸರ್ವರ್ ಬಿದ್ದು ಕರೆಗಳೆಲ್ಲ ನನ್ನ ಮೇಜಿಗೆ.
ಹನ್ನೆರಡೂ ಮುಕ್ಕಾಲಿಗೆ ಅವನದು.
ರೇಟು ಹೇಳಿದೆ. ಸಿಮೆಂಟು ಕೆಮ್ಮು ಕೆಮ್ಮಿದ.
"ಊಟ ಆಯ್ತೇನ್ ಯವ್ವಾ?"
ಏನಾಯಿತೋ, ಇಲ್ಲ ಎಂದುಬಿಟ್ಟೆ.
ಬೆಳಿಗ್ಗೆಯಿಂದ ಇಲ್ಲ. ತಿನ್ನಲು ಮನಸ್ಸೇ ಬರುತ್ತಿಲ್ಲ.

ಆ ಕಡೆ ಏಸಿಯ ಸದ್ದು,
ಯಾರೋ ಮಗ್ಗುಲು ಬದಲಿಸಿ ಕಬ್ಬಿಣದ ಮಂಚ ಕಿರುಗುಟ್ಟಿದ್ದು.
"ಮಷೀನ್ ಕೆಟ್ಟದ ನೋಡಪಾ ಇವತ್ತ"
ಎಂದ ಅವನು, ನನಗಲ್ಲ, ಕೆಳಗೆ ಮಲಗಿದ್ದವನಿಗೆ.
ಫೋನು ಇಟ್ಟ.

ಗೊತ್ತಿತ್ತು ಹಾಗಾದರೆ. ಮೊದಲಿನಿಂದಲೂ.
ಇಷ್ಟು ದಿನದ ನನ್ನ ಗುರುತುಗಳೆಲ್ಲ ತಪ್ಪು.
ಡ್ರಾಯರಿನ ಖುಬ್ಬೂಸ್ ಚಪ್ಪಲಿಯ ಹಾಗಾಗಿತ್ತು,
ಚಹದಲ್ಲಿ ಅದ್ದಿ ಅರ್ಧ ತಿಂದೆ.

ಶನಿವಾರದ ರೆಕಾರ್ಡಿಂಗನ್ನು ಭಾನುವಾರ ಕೇಳಿದೆ.
"ಆಯ್ತು, ನಿಮ್ಮದು?" ಎಂದಳು ಸಹನಾ, ನುಂಗಿ.
"ಹಾಂ, ರಿಪೇರಿ ಆಗ್ಯದ" ಎಂದು ನಕ್ಕ ಲಾಡ್ಲೇಸಾಬ.
ಆಮೇಲೆ, ಸ್ವಲ್ಪ ತಡೆದು:
"ಮೊನ್ನಿ ಉಪವಾಸ ಇದ್ದಾಕಿ ಯಾರು?
ಆಕಿ ಉಂಡಳೇನು?"

ದಯವಿಟ್ಟು ಕಾಯಿರಿ, ಎಂದಿತು ನನ್ನ ದನಿ.
ಅವನು ಕಾದದ್ದು ರೆಕಾರ್ಡಿಂಗಿನಲ್ಲಿದೆ,
ನಾಲ್ಕು ನಿಮಿಷ.