ನೀಲಿ ಡ್ರಮ್ಮು

ಸೂರತ್ತಿನಿಂದ ಒಂದು ಪ್ರಶ್ನೆ, ರಾತ್ರಿ ಹನ್ನೊಂದಕ್ಕೆ:
ಕಾಫಿ ಹೂ ಅರಳುವ ತಾರೀಖು ತಿಳಿಸಿ,
ಮದುವೆ ಅದೇ ದಿನಕ್ಕೆ ಇಡಿಸುತ್ತೇವೆ.

ಏನು ಬರೆಯಲಿ?
ಮೊದಲು ಹೂಮಳೆ ಬೀಳಬೇಕು,
ಅದೂ ಒಂದಿಂಚಾದರೂ. ಕಡಿಮೆಯಾದರೆ ಮೊಗ್ಗು
ಅರ್ಧಕ್ಕೇ ಮುನಿದು ಕಂದುತ್ತದೆ.
ಬಿದ್ದ ಮೇಲೆ ಎಂಟೋ ಒಂಬತ್ತೋ ದಿನ,
ಆಮೇಲೆ ತೋಟಕ್ಕೆ ತೋಟವೇ ಬೆಳ್ಳಗೆ,
ಮೂರು ದಿನಕ್ಕೆ ಮುಗಿಯಿತು.
ನಿಮ್ಮ ಜೋಯಿಸರಿಗೆ ಹೇಳಿ,
ನಮ್ಮಲ್ಲಿ ಲಗ್ನ ಇಡುವುದು ಮೋಡ
ಎಂದು ಬರೆದೆ. ಚೆನ್ನಾಗಿ ಕಂಡಿತು.
ಅದಕ್ಕೇ ಅಳಿಸಿದೆ.

ಹತ್ತು ವರ್ಷ ಸುಂಟಿಕೊಪ್ಪದ ಈ ಮಹಡಿಯಲ್ಲಿ
ಪಾಸ್‌ಪೋರ್ಟ್ ಸೈಜು, ರೇಷನ್ ಕಾರ್ಡು,
ಬಾಯಿ ಮುಚ್ಚಿ, ಗಲ್ಲ ಮೇಲೆತ್ತಿ, ಆಯಿತು, ನಲವತ್ತು ರೂಪಾಯಿ.
ಈಗ ಕೇಳುವವರು ದುಬೈಯವರು, ಪುಣೆಯವರು.
ಮಂಜು ಗ್ಯಾರಂಟಿಯೇ?
ಆನೆ ಬರುತ್ತದೆಯೇ? ಬಂದರೆ ಎಕ್ಸ್‌ಟ್ರಾ ಎಷ್ಟು?
ಕಾರಿಳಿಯುವಾಗ ವಾಲಗದವರು ಐದು ನಿಮಿಷ ಊದಿದರೆ ಸಾಕು.
ವಾಲಗದ ಕುಂಞ ಅಂದ:
ಪೀಪಿಯ ಗರಿ ನೆನೆಯುವುದಕ್ಕೇ ಐದು ನಿಮಿಷ ಬೇಕು ಮಾರಾಯ.

ಇವರೆಲ್ಲ ಬರುವುದು ಒಂದೇ ಒಂದು ಪಟ ನೋಡಿ.
ಹೂಬಿಟ್ಟ ರೊಬಸ್ಟಾ ಗಿಡಗಳ ನಡುವೆ ಮದುವಣಗಿತ್ತಿ,
ಕುಂಕುಮದ ಬಣ್ಣದ ಸೀರೆ, ಕಣ್ಣು ಎಲ್ಲೋ ಪಕ್ಕಕ್ಕೆ,
ತುಟಿಯಲ್ಲಿ ನಗೆಯೊಂದು ಶುರುವಾಗಿದೆ,
ಇನ್ನೂ ತೀರ್ಮಾನವಾಗಿಲ್ಲ.
ಎಲ್ಲರದೂ ಒಂದೇ ಮಾತು: ಇದೇ ಥರ ಬೇಕು, ಇದೇ ಜಾಗ.
ಈಕೆ ಮಾಡೆಲ್ಲಾ?

ಈಕೆ ಸೆಂಗಮಲ. ಎಸ್ಟೇಟಿನ ಲೈನುಮನೆ, ನಾಲ್ಕನೇ ಬಾಗಿಲು.
ಸೀರೆ ಓನರಮ್ಮನದು, ಸಂಜೆಗೆ ವಾಪಸ್ಸು.
ನಾನು ದುಡ್ಡು ತಗೊಂಡಿರಲಿಲ್ಲ,
ಹಾಗಂತ ಆರು ವರ್ಷದಿಂದ
ಎಷ್ಟು ಜನಕ್ಕೆ ಹೇಳಿಕೊಂಡಿದ್ದೇನೋ!
ಪಟ ಕೊಡುವುದು ಮಾತ್ರ ಮರೆತಿದ್ದೆ.

ಈ ಭಾನುವಾರ ಕಟ್ಟು ಹಾಕಿಸಿ ಬೈಕಿನಲ್ಲಿ ಒಯ್ದೆ.
ಅವಳು ಮೆಣಸಿನ ಚೀಲಕ್ಕೆ ಹೊಲಿಗೆ ಹಾಕುತ್ತಿದ್ದಳು.
ಸೂಜಿ ಚೀಲಕ್ಕೇ ಚುಚ್ಚಿ, ಕೈ ಒರೆಸಿ, ಪಟ ತಗೊಂಡಳು.
ಮುಂದೆ ನೋಡಿದಳು.
ತಿರುಗಿಸಿ ಹಿಂದೆ ನೋಡಿದಳು,
ಉಳಿದದ್ದು ಅಲ್ಲಿರಬಹುದು ಎನ್ನುವ ಹಾಗೆ.
"ದೇಜಣ್ಣ, ಅಮ್ಮ ಎಲ್ಲಿ?"

ಅಮ್ಮ ಪಕ್ಕದಲ್ಲೇ ಇದ್ದಳು.
ನೀರಿನ ನೀಲಿ ಡ್ರಮ್ಮಿಗೆ ಒರಗಿ,
ಯಾವುದೋ ಮಾತಿಗೆ ಬಾಯಿ ತೆರೆದು.
ಆ ನಗೆ ಹುಟ್ಟಿದ್ದು ಆ ಮಾತಿಗೆ.
ಬಿಳಿ ಹೂವಿನ ಬದಿಗೆ ಡ್ರಮ್ಮು ಕಣ್ಣಿಗೆ ಚುಚ್ಚುತ್ತಿತ್ತು,
ಡ್ರಮ್ಮು ಕತ್ತರಿಸಿದೆ.
ಅದರ ಜತೆ ಅವಳೂ ಹೋದಳು.
ಅವಳದು ಇನ್ನೊಂದು ಪಟ ಇರುವುದು ರೇಷನ್ ಕಾರ್ಡಿನಲ್ಲಿ,
ಅದೂ ನಾನೇ ತೆಗೆದದ್ದು:
ಬಾಯಿ ಮುಚ್ಚಿ, ಗಲ್ಲ ಮೇಲೆತ್ತಿ.

"ಆವತ್ತು ಏನಂದಳು ನಿನಗೆ?" ಕೇಳಿದೆ.
"ಸೀರೆಗೆ ಸಾರು ಚೆಲ್ಲಬೇಡ ಅಂತ,"
ಅಂದು ಸೆಂಗಮಲ ಮತ್ತೆ ಸೂಜಿ ಹಿಡಿದಳು.
ಕಟ್ಟು ಹಾಕಿದ ಪಟ
ಮೆಣಸಿನ ಚೀಲಕ್ಕೆ ಒರಗಿ ಕೂತಿತ್ತು,
ನನ್ನ ಕಡೆ ನೋಡದೆ.

ಹಳೇ ಡಿಸ್ಕಿನಲ್ಲಿ ಹುಡುಕಲು ಎರಡು ರಾತ್ರಿ ಹಿಡಿಯಿತು.
ಸೂರತ್ತಿಗೆ ಪೂರ್ತಿ ಪಟವನ್ನೇ ಕಳಿಸಿದೆ:
ಲೈನುಮನೆಯ ಗೋಡೆ, ಹಗ್ಗದ ಮೇಲಿನ ಪಾವಾಡೆ,
ಡ್ರಮ್ಮು, ಅಮ್ಮ, ಸೆಂಗಮಲ, ಹೂವು.
ಕೆಳಗೆ ಬರೆದೆ: ತಾರೀಖು ನನಗೂ ಗೊತ್ತಿಲ್ಲ. ದರ ಇಷ್ಟು.

ಬೆಳಗ್ಗೆ ಉತ್ತರ ಬಂತು:
ಬಹಳ ಚೆಂದ ಇದೆ.
ಆ ಡ್ರಮ್ಮೊಂದು ತೆಗೆಸಲು ಆಗುತ್ತದೆಯೇ?

ಅದರಲ್ಲಿ ನೀರಿದೆ ಸಾರ್,
ಎಂದು ಟೈಪು ಮಾಡುತ್ತ ಕೂತಿದ್ದೇನೆ,
ಹತ್ತು ಮನೆಯ ನೀರು.