ಗುರುತು ಹತ್ತದ ಬೆರಳು

ಸಿದ್ದಾಪುರದ ಸಂತೆ ರಸ್ತೆಯಲ್ಲಿ ನನ್ನದು ಆರಡಿ ಅಂಗಡಿ.
ಒಡೆದ ಗಾಜು, ಉಬ್ಬಿದ ಬ್ಯಾಟರಿ, ನೀರು ಕುಡಿದ ಸ್ಪೀಕರು.
ರಿಪೇರಿಗೆ ಬಿಟ್ಟು ಹೋಗುವವರು
ಚೀಟಿಯಲ್ಲಿ ಪಾಸ್‌ವರ್ಡೂ ಬರೆದಿಟ್ಟು ಹೋಗುತ್ತಾರೆ,
ಬೀಗದ ಕೈಯನ್ನು ಬಾಗಿಲಿಗೇ ನೇತುಹಾಕಿ
ನೆಂಟರ ಮನೆಗೆ ಹೊರಟ ಹಾಗೆ.

ಸುಳ್ಳು ಯಾಕೆ, ಒಮ್ಮೆ ನೋಡಿದ್ದೇನೆ.
ಯಾರದೋ ಆಸ್ಪತ್ರೆಯ ಚೀಟಿ,
ಯಾರಿಗೋ ಬರೆದು ಕಳಿಸದೆ ಉಳಿದ ನಾಲ್ಕು ಸಾಲು.
ಅವರು ಫೋನು ಒಯ್ಯಲು ಬಂದಾಗ
ಚಿಲ್ಲರೆ ಎಣಿಸುವ ನೆಪದಲ್ಲಿ ತಲೆ ಎತ್ತಲಿಲ್ಲ.

ಬೊಳ್ಳಿ ಬಂದದ್ದು ಕಾಫಿ ಕುಯ್ಲಿನ ನಡುವೆ.
'ಅಣ್ಣಾ, ಇದಕ್ಕೆ ನನ್ನ ಗುರುತೇ ಹತ್ತುವುದಿಲ್ಲ.'
ಹೆಬ್ಬೆರಳು ನೋಡಿದೆ. ಹಣ್ಣು ಬಿಡಿಸಿ ಬಿಡಿಸಿ
ಗೆರೆಯೆಲ್ಲ ಸವೆದು, ಕಪ್ಪು ಅಂಟು ಕೂತು,
ನುಣ್ಣಗೆ, ಹೊಳೆಯ ಕಲ್ಲು.
ರೇಷನ್ ಅಂಗಡಿಯ ಯಂತ್ರವೂ ಇವಳಿಗೆ
ಮೂರು ಸಲ 'ನೀನಲ್ಲ' ಎಂದಿತ್ತಂತೆ.

ನಂಬರ್ ಇಟ್ಟುಕೋ ಎಂದೆ. ಆರು ಅಂಕಿ.
ಮಗು ಹುಟ್ಟಿದ ದಿನ ಬೇಡ, ಲೈನ್ ಮನೆಗೆಲ್ಲ ಗೊತ್ತು.
ಒಂದು ಎರಡು ಮೂರು ಬೇಡವೇ ಬೇಡ.
ನನಗೂ ಹೇಳಬೇಡ ಎಂದು
ಗೋಡೆ ಕಡೆ ತಿರುಗಿ, ಕ್ಯಾಲೆಂಡರಿನಲ್ಲಿ
ಅಮಾವಾಸ್ಯೆ ಹುಡುಕುತ್ತ ನಿಂತೆ.
ಆರು ಸಲ ಟಕ್. ಮತ್ತೆ ಆರು ಸಲ.

ಗುರುವಾರ ಅದೇ ಫೋನು ಹಿಡಿದು ತೋಟದ ರೈಟರ್ ಬಂದ.
'ಹೆಂಡತಿಯದು. ನಂಬರ್ ಮರೆತಿದ್ದಾಳೆ. ತೆಗೆದುಕೊಡು.
ಫೋಟೋ ಯಾರಿಗೆಲ್ಲ ಹೋಗಿದೆ ನೋಡಬೇಕು. ಐನೂರು ಇಟ್ಟುಕೋ.'

ಕವರಿನ ಮೂಲೆಯ ಹಲ್ಲುಗುರುತು ನನಗೆ ಗೊತ್ತು,
ಬೊಳ್ಳಿಯ ಕೂಸು ಕಚ್ಚಿದ್ದು.
ಕರೆಂಟಿಲ್ಲದ ದಿನ ಅವಳು ಅದನ್ನು
ತೋಟದ ಆಫೀಸಿನಲ್ಲಿ ಚಾರ್ಜಿಗಿಡುವುದೂ ಗೊತ್ತು.
ಒಳಗೇನಿದೆ ಎಂದು ಅವಳೇ ಹೇಳಿದ್ದಳು:
ದಿನಾ ಸಂಜೆಯ ತಕ್ಕಡಿ ಮುಳ್ಳಿನ ಪಟ.
ಅರವತ್ತೆರಡು ಕಿಲೋ. ಐವತ್ತೆಂಟು. ಎಪ್ಪತ್ತು.
ರೈಟರನ ಪುಸ್ತಕದಲ್ಲಿ ಎಲ್ಲ ದಿನವೂ ಐವತ್ತು.

'ಬೆರಳಿಟ್ಟರೂ ತೆಗೆಯುವುದಿಲ್ಲ ಇದು' ಎಂದ.
ಯಾರ ಬೆರಳು ಎಂದು ನಾನು ಕೇಳಲಿಲ್ಲ.
ಬುತ್ತಿ ಉಂಡು, ಸಿಲ್ವರ್ ಮರದ ಬುಡದಲ್ಲಿ
ಅವಳು ಕಣ್ಣು ಮುಚ್ಚುವ ಹತ್ತು ನಿಮಿಷ
ಕಣ್ಣ ಮುಂದೆ ಬಂತು.
ಕುಯ್ಲು ಸವೆಸಿದ ಚರ್ಮವೇ ಅವಳನ್ನು ಕಾದಿತ್ತು.

ಡ್ರಾಯರಿನಲ್ಲಿ ಅದಕ್ಕೆ ಬೇಕಾದ ಕೇಬಲ್ ಇತ್ತು.
ನೋಟು ಗರಿಗರಿಯಾಗಿತ್ತು.
ಫೋನನ್ನು ಹಿಂದೆಮುಂದೆ ತಿರುಗಿಸಿದೆ, ಊದಿದೆ, ತಲೆಯಾಡಿಸಿದೆ.
'ಬೋರ್ಡ್ ಹೋಗಿದೆ ಸಾರ್. ಬಿಟ್ಟು ಹೋಗಿ,
ಮೈಸೂರಿಗೆ ಕಳಿಸಿ ನೋಡುವ.'
ಅವನು ಹೋದ ಮೇಲೆ
ಸ್ಕ್ರೂಡ್ರೈವರ್ ಹಿಡಿದ ಕೈ ಸ್ವಲ್ಪ ಹೊತ್ತು ನಡುಗಿತು.

ಭಾನುವಾರ ಸಂತೆಗೆ ಬೊಳ್ಳಿ ಬಂದಳು,
ಕಂಕುಳಲ್ಲಿ ಒಣಮೀನಿನ ಪೊಟ್ಟಣ.
ಫೋನು ಕೊಟ್ಟೆ. ಬೇರೆ ನಂಬರ್ ಇಡು ಎಂದೆ.
ಇನ್ನು ಚಾರ್ಜಿಗೆ ಇಲ್ಲಿಗೇ ತಾ ಎಂದೆ.
ಫೋನು ಹಿಡಿದು ಸುಮ್ಮನೆ ನಿಂತಿದ್ದಳು,
ನನ್ನನ್ನೇ ನೋಡುತ್ತ, ಏನೋ ಕಾಯುತ್ತ.

ಹೌದಲ್ಲ.
ಗೋಡೆ ಕಡೆ ತಿರುಗಿದೆ.